ಅವನು ಮುಚ್ಚಿದ ನೆಲ

ಅವನು ಅವಳ ಜಡೆಗೆ ಕೈ ಹಾಕಿ ಎಳೆದ.

ಯಾರವನು, ಎಲ್ಲಿಂದ ಬಂದ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಉತ್ಖನನದ ಗುಂಡಿಯ ತಳದಲ್ಲಿ ಮಂಡಿಯೂರಿ, ಸಾವಿರಾರು ವರ್ಷಗಳ ಹಿಂದೆ ಸುಟ್ಟುಹೋದ ಕಟ್ಟಡದ ನೆಲವನ್ನು ಬ್ರಷ್ಷಿನಿಂದ ಗುಡಿಸುತ್ತಿದ್ದಳು. ಹಿಂದಿನಿಂದ ಬಂದವನು ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಒಂದೇ ಎಳೆತಕ್ಕೆ ಅವಳನ್ನು ಅಂಗಾತ ಕೆಡವಿದ. ಹಾಗೇ ದರದರನೆ ಎಳೆದುಕೊಂಡು ಹೊರಟ. ನೆತ್ತಿಯ ಚರ್ಮವೇ ಕಿತ್ತು ಬರುವಂತಾಯಿತು. ಕಲ್ಲು ತರಚಿ ಬೆನ್ನು ಉರಿಯಿತು.

ಅವಳ ಕೈಯಲ್ಲಿ ಕರಣೆಯಿತ್ತು. ಗಾರೆ ಕೆಲಸದವರು ಹಿಡಿಯುತ್ತಾರಲ್ಲ, ಅದೇ. ಮಣ್ಣನ್ನು ಕಾಗದದಷ್ಟು ತೆಳ್ಳಗೆ ಹೆರೆಯಬೇಕೆಂದು ಅದರ ಅಂಚನ್ನು ಕಲ್ಲಿಗೆ ಮಸೆದು ಚೂರಿಯ ಹಾಗೆ ಮಾಡಿಟ್ಟುಕೊಂಡಿದ್ದಳು. ಹಿಂದುಮುಂದು ನೋಡದೆ ಬೀಸಿದಳು.

ಅವನ ಬಲಗೈ ಮೊಣಕೈಯಿಂದ ಕೆಳಗೆ ಸೀಳಿಕೊಂಡಿತು. ಬಿಸಿ ರಕ್ತ ಅವಳ ಕೆನ್ನೆಗೆ ಸಿಡಿಯಿತು.

ಅವನು ಜಡೆ ಬಿಡಲಿಲ್ಲ.

"ಬಿಡೋ... ಬಿಡು ನನ್ನ..."

ಇನ್ನೊಂದು ಸಲ ಬೀಸಲು ಕೈ ಎತ್ತಿದ್ದಳು, ಅಷ್ಟರಲ್ಲಿ ಅವಳು ಕೂತಿದ್ದ ಜಾಗದ ಪಕ್ಕದ ಮಣ್ಣಿನ ಗೋಡೆ, ಆಳೆತ್ತರದ್ದು, ಸೊಂಟ ಮುರಿದವರ ಹಾಗೆ ನಡುವಿನಲ್ಲಿ ಬಾಗಿತು. ಆಮೇಲೆ ದಡಾರನೆ ಬಿತ್ತು. ಅವಳ ನೀರಿನ ಬಾಟಲಿ, ಬುಟ್ಟಿ, ಟೋಪಿ ಎಲ್ಲ ಅದರಡಿ ಹೋದವು.

ಧೂಳು ಕೂರುವವರೆಗೆ ಇಬ್ಬರೂ ಕೆಮ್ಮಿದರು.

"ಬಾಯಲ್ಲಿ ಹೇಳೋಕೆ ಆಗ್ತಿರ್ಲಿಲ್ವಾ?" ಎಂದಳು, ನೆತ್ತಿ ಉಜ್ಜಿಕೊಳ್ಳುತ್ತ.

"ಹೇಳಿದ್ರೆ ಏಳ್ತಿದ್ರಾ?"

ಅವಳು ಯೋಚಿಸಿದಳು. ಸುಳ್ಳು ಹೇಳುವ ಜಾಯಮಾನ ಅವಳದಲ್ಲ.

"ಇಲ್ಲ. ಆ ಮೂಲೆ ಗುಡಿಸಿ ಮುಗಿಸಿ ಏಳ್ತಿದ್ದೆ."

"ಅದಕ್ಕೇ," ಎಂದ ಅವನು, ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿ ಕೈಗೆ ಬಿಗಿದುಕೊಳ್ಳುತ್ತ. "ಗೋಡೆಯಿಂದ ಮಣ್ಣು ಸಕ್ಕರೆ ಉದುರಿದ ಹಾಗೆ ಉದುರ್ತಿತ್ತು. ಮಾತಾಡ್ತಾ ನಿಂತ್ಕೊಳ್ಳೋ ಹೊತ್ತಲ್ಲ ಅದು."

ಆಗ ಅವಳಿಗೆ ಅಳು ಬಂತು. ಪ್ರಾಣ ಉಳಿಯಿತು ಎಂದಲ್ಲ. ಅಷ್ಟು ದಿನ ಗುಡಿಸಿದ ನೆಲ ಮಣ್ಣಿನಡಿ ಸೇರಿತಲ್ಲ ಎಂದು.

ಅವನು ಅವಳನ್ನೇ ನೋಡುತ್ತ ನಿಂತ. ಸಾವು ಕಿವಿಯ ಪಕ್ಕ ಹಾದು ಹೋಗಿದೆ, ಇವಳು ನೆಲಕ್ಕೆ ಅಳುತ್ತಿದ್ದಾಳೆ... ಎಂಥ ಹೆಣ್ಣಪ್ಪಾ ಇದು.

ಅವತ್ತೇ ಅವನ ಕೆಲಸದ ಮೊದಲ ದಿನ. ಗುಂಡಿಗಳ ಗೋಡೆಗೆ ಹಲಗೆ, ಮರ ಆನಿಸಿ ನಿಲ್ಲಿಸುವುದು, ಕೆಲಸ ಮುಗಿದ ಗುಂಡಿಗಳನ್ನು ಹದವಾಗಿ ಮುಚ್ಚುವುದು ಅವನ ಪಾಲಿನದು. ಮೊದಲ ದಿನವೇ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದ.

*

ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಮೈಯೂ ಹಾಗೇ ಸಣ್ಣ, ಗೀರಿದರೆ ಹೊತ್ತಿಕೊಳ್ಳುವ ಸ್ವಭಾವವೂ ಹಾಗೇ. ಸುಟ್ಟ ಕಟ್ಟಡದ ಗುಂಡಿ ಪೂರ್ತಿ ಅವಳ ಉಸ್ತುವಾರಿಯಲ್ಲಿತ್ತು. ಅವನಿಗೆ ಬಂದ ಕೆಲವೇ ದಿನದಲ್ಲಿ ಮೂಟೆ ಎಂದು ಹೆಸರು ಬಿತ್ತು. ಮರಳಿನ ಮೂಟೆ ಹೊರುತ್ತಿದ್ದ, ಕೂತರೂ ಮೂಟೆಯ ಹಾಗೇ ಕೂರುತ್ತಿದ್ದ, ಮಾತಂತೂ ಮೂಟೆ ಆಡುವಷ್ಟೇ.

ಇಬ್ಬರೂ ಸೇರಿ ಬಿದ್ದ ಮಣ್ಣನ್ನು ತೆಗೆದರು. ಜಗಳವಾಡುತ್ತಲೇ ತೆಗೆದರು.

"ರೀ, ನಿಮ್ಮ ಮರದ ಕಾಲು ನನ್ನ ನೆಲದ ಮೇಲೆ ಊರಿದೆ."

"ಗಾಳಿಯಲ್ಲಿ ನಿಲ್ಲಿಸೋಕೆ ನನಗೆ ಮಂತ್ರ ಬರಲ್ಲ ಮೇಡಂ."

ಮರುದಿನ ನೋಡಿದರೆ ಪ್ರತಿ ಮರದ ಕಾಲಿಗೂ ಒಂದೊಂದು ಮರಳಿನ ಚೀಲ ಮೆತ್ತೆಯಾಗಿತ್ತು. ಅವಳು ಮಂಡಿಯೂರುವ ಜಾಗದಲ್ಲಿ ಗೋಣಿಯಲ್ಲಿ ಹೊಲಿದ ಪುಟ್ಟ ದಿಂಬೊಂದು ಇತ್ತು. ಯಾರಿಟ್ಟರು ಎಂದು ಅವಳು ಕೇಳಲಿಲ್ಲ.

ಕೈಯ ಗಾಯಕ್ಕೆ ಪಟ್ಟಿ ಬದಲಿಸಲು ಅವನು ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಚಹಾದ ಹೊತ್ತಿಗೆ ಬಂದು ಅವಳ ಮುಂದೆ ಕೈ ಚಾಚಿ ಕೂರುತ್ತಿದ್ದ.

"ನಾನೇನು ನರ್ಸಾ?"

"ಕುಯ್ದವರೇ ಕಟ್ಟಲಿ."

ಅವಳು ಬೈದುಕೊಂಡು ಕಟ್ಟುತ್ತಿದ್ದಳು. ಬಟ್ಟೆ ಸುತ್ತುವಾಗ ಅವಳ ಬೆರಳು ಅವನ ಮಣಿಕಟ್ಟಿಗೆ ತಾಕುತ್ತಿತ್ತು. ಅಲ್ಲಿ ನಾಡಿ ಓಡುತ್ತಿದ್ದ ವೇಗ ನೋಡಿದರೆ, ಮೂಟೆ ಎಂದು ಹೆಸರಿಟ್ಟವರಿಗೆ ಏನೂ ಗೊತ್ತಿಲ್ಲ ಅನಿಸುತ್ತಿತ್ತು...

ನೆಲ ಮತ್ತೆ ಬಯಲಾಯಿತು. ಅದನ್ನು ನೋಡಿದರೆ ಯಾರಿಗೂ ಮೈ ಜುಮ್ಮೆನ್ನಬೇಕು. ಹಸಿ ಮಣ್ಣಿನಿಂದ ಮೆತ್ತಿದ ನೆಲ ಬೆಂಕಿಯ ಝಳಕ್ಕೆ ಇಟ್ಟಿಗೆಯ ಹಾಗೆ ಬೆಂದು ಕೆಂಪಾಗಿತ್ತು. ಮೇಲೆ ಬಿದ್ದ ತೊಲೆಗಳು ಇದ್ದಿಲಾಗಿ ಹಾಗೇ ಮಲಗಿದ್ದವು. ಗೋಡೆಯ ಸಾಲಿನ, ಕಾಳು ತುಂಬುವ ದೊಡ್ಡ ದೊಡ್ಡ ಮಣ್ಣಿನ ಹರವಿಗಳು ಕಾವಿಗೆ ಸಿಡಿದು, ಚೂರುಗಳು ಎದುರಿನ ಗೋಡೆಗೆ ನಾಟಿದ್ದವು. ಇದ್ದಿಲಿನ ನಡುವೆ ಬಾಣದ ಮೊನೆಗಳು. ಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಒಬ್ಬ ಮನುಷ್ಯನ ಎಲುಬುಗೂಡು.

"ಯಾರು ಸುಟ್ಟಿದ್ದು ಇವರನ್ನ?" ಎಂದು ಅವನು ಒಮ್ಮೆ ಕೇಳಿದ.

"ಯಾರು ಅಂತ ಗೊತ್ತಾಗಲ್ಲ. ಹೇಗೆ ಅಂತ ಗೊತ್ತಾಗುತ್ತೆ," ಎಂದಳು ಕಡ್ಡಿ. "ಬಾಣದ ಮೊನೆ ಎಲ್ಲ ಒಳಮುಖ. ಹೊರಗಿಂದ ಹೊಡೆದಿದ್ದಾರೆ. ಈ ಮನುಷ್ಯನ ತಲೆಬುರುಡೆ ಹಿಂದೆ ಒಡೆದಿದೆ, ಓಡ್ತಿದ್ದ. ಅವನ ಕೆಳಗೆ ಇದ್ದಿಲು ಇಲ್ಲ, ಮೇಲೆ ಮಾತ್ರ ಇದೆ. ಅಂದ್ರೆ ಮೊದಲು ಅವನು ಬಿದ್ದ, ಆಮೇಲೆ ಸೂರು ಬಿತ್ತು."

"ಇಷ್ಟೂ ಮಣ್ಣೇ ಹೇಳ್ತಾ?"

"ಮಣ್ಣು ಸುಳ್ಳು ಹೇಳಲ್ಲ. ಮನುಷ್ಯರು ಬಾಯಿ ಬಿಟ್ರೆ ನಂಗೆ ಅನುಮಾನ."

ಅವನು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಅದು ಅವಳಿಗೆ ತಿಳಿಯಲಿಲ್ಲ.

ಆ ವಾರದ ಕೊನೆಗೆ, ಈಶಾನ್ಯದ ಮೂಲೆಯಲ್ಲಿ ಕರಣೆಯ ಹಿಡಿಯಿಂದ ತಟ್ಟಿದಾಗ ನೆಲ ಬೇರೆ ಸದ್ದು ಕೊಟ್ಟಿತು. ಟೊಳ್ಳು. ಕೆಳಗೇನೋ ಇದೆ. ಅಗೆತದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಬಂದು ತಾವೂ ತಟ್ಟಿ ನೋಡಿದರು. ಮೂಟೆ ಅಲ್ಲೇ ಮರ ಆನಿಸುತ್ತಿದ್ದ.

"ರಜೆ ಕಳೀಲಿ. ಫೋಟೋದವರು ಬಂದಮೇಲೆ ತೆಗೆಯೋಣ. ನಾಳೆ ಮೂಟೆ ಇಲ್ಲೇ ಕಾವಲಿರಲಿ. ಅಲ್ಲೀವರೆಗೆ ಇದು ನಮ್ಮ ಮೂವರಲ್ಲೇ ಇರಲಿ," ಎಂದರು.

ಕಡ್ಡಿ ತಲೆಯಾಡಿಸಿದಳು. ಆದರೆ ಮನೆಯಲ್ಲಿ ಅಣ್ಣನಿದ್ದನಲ್ಲ... ಅಣ್ಣನಿಂದ ಅವಳು ಏನನ್ನೂ ಮುಚ್ಚಿಟ್ಟವಳಲ್ಲ.

ಅಪ್ಪ ಅಮ್ಮ ಹೋದಮೇಲೆ ಅವಳನ್ನು ಸಾಕಿದ್ದು ಅವನೇ. ಒಂದು ಲಾರಿ ಇಟ್ಟುಕೊಂಡಿದ್ದ. ಅಗೆತದ ಮಣ್ಣು ಸಾಗಿಸುವ ಕೆಲಸ ಅವನದೇ. ಕೈ ಸ್ವಲ್ಪ ಮುಂದು. ಕ್ಲೀನರುಗಳು ಅವನ ಹತ್ತಿರ ಬಹಳ ದಿನ ನಿಲ್ಲುತ್ತಿರಲಿಲ್ಲ. ಅತ್ತಿಗೆಯ ಮುಂಗೈಯ ಬಳೆಗಳು ಆಗಾಗ ಒಡೆಯುತ್ತಿದ್ದವು, ಯಾಕೆ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ತಂಗಿಯ ತಟ್ಟೆಗೆ ಮಾತ್ರ ಮೊದಲ ತುತ್ತು ಅವನೇ ಬಡಿಸುತ್ತಿದ್ದ.

"ನೆಲ ಒಂದು ಕಡೆ ಟೊಳ್ಳು ಅಣ್ಣ," ಎಂದಳು ಊಟದ ಹೊತ್ತಿಗೆ. "ಬೆಂಕಿ ಬಿದ್ದಾಗ ಜನ ಏನಾದರೂ ಆತುರದಲ್ಲಿ ಹೂತಿಟ್ಟಿರಬಹುದು."

"ಚಿನ್ನಾನಾ?"

"ಯಾರಿಗ್ಗೊತ್ತು. ಇರಬಹುದು."

ಅಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ. ಅತ್ತಿಗೆ ಅದನ್ನು ಕಂಡಳು. ಕಡ್ಡಿ ಕಾಣಲಿಲ್ಲ. ಅವಳ ತಲೆಯ ತುಂಬ ಬೇರೊಂದು ಯೋಚನೆಯಿತ್ತು: ನಾಳೆ ರಜೆ, ನಾಳೆ ಪಟ್ಟಿ ಯಾರು ಬದಲಿಸುತ್ತಾರೆ ಆ ಮನುಷ್ಯನಿಗೆ?

*

ರಜೆ ಕಳೆದ ಬೆಳಿಗ್ಗೆ ಅವಳೇ ಎಲ್ಲರಿಗಿಂತ ಮುಂಚೆ ಬಂದಳು. ಬಂದವಳು ಗುಂಡಿಯ ಅಂಚಿನಲ್ಲಿ ಹಾಗೇ ನಿಂತುಬಿಟ್ಟಳು.

ಗುಂಡಿಯೇ ಇರಲಿಲ್ಲ.

ಅಂಚಿನವರೆಗೂ ಮಣ್ಣು ತುಂಬಿತ್ತು. ಅದರ ಮೇಲೆ ಮರಳಿನ ಮೂಟೆಗಳು ಒಂದರ ಪಕ್ಕ ಒಂದು. ಆ ಮೂಟೆಗಳಿಗೆ ಒರಗಿ ಅವನು ಕೂತಿದ್ದ. ಮೈಯೆಲ್ಲ ಮಣ್ಣು, ಒಂದು ಕಣ್ಣು ಊದಿ ಮುಚ್ಚಿತ್ತು, ತುಟಿ ಒಡೆದಿತ್ತು. ಎಡಗೈಯಲ್ಲಿ ಸಲಿಕೆ ಇತ್ತು.

"ಯಾರು... ಯಾರು ಮಾಡಿದ್ದು ಇದನ್ನ?"

"ನಾನೇ ಮುಚ್ಚಿದೆ."

"ಯಾರು ಹೇಳಿದ್ರು ಮುಚ್ಚೋಕೆ?"

ಅವನು ಒಡೆದ ತುಟಿಯನ್ನು ತೋಳಿಗೆ ಒರೆಸಿಕೊಂಡ.

"ಮೂಲೆ? ಮೂಲೆಯಲ್ಲಿ ಇದ್ದದ್ದು?"

"ಇದ್ದ ಹಾಗೇ ಇದೆ."

"ನಿಮ್ಮ ಮುಖಕ್ಕೇನಾಯ್ತು? ಯಾರಾದ್ರೂ ಬಂದಿದ್ರಾ?"

"ಮೊನ್ನೆ ರಾತ್ರಿ ಬಂದಿದ್ರು. ಹೋದ್ರು."

"ಯಾರು?"

ಅವನು ಅವಳ ಮುಖವನ್ನೇ ನೋಡಿದ. "ನಾನು ಹೇಳಲ್ಲ. ನೀವೇ ತೆಗೆದು ನೋಡಿ."

ಗುಟ್ಟು ತಿಳಿದಿದ್ದವರು ಮೂವರೇ. ರಜೆಯ ದಿನ ಇಲ್ಲಿದ್ದವನು ಒಬ್ಬನೇ. ಪಾಲಿಗೆ ಬಂದವರ ಜೊತೆ ಹೊಡೆದಾಡಿಕೊಂಡಿದ್ದಾನೆ, ಕಿತ್ತು ತೆಗೆದಿದ್ದಾನೆ, ಗುರುತು ಸಿಗಬಾರದೆಂದು ಮುಚ್ಚಿದ್ದಾನೆ... ಗೋಣಿಯ ದಿಂಬು, ದಿನಾ ಚಾಚಿದ ಕೈ, ಎಲ್ಲ ಇದಕ್ಕೇನಾ?

ಅವಳು ಅವನ ಕೈಯ ಸಲಿಕೆಯನ್ನು ಕಿತ್ತುಕೊಂಡು ಅದರ ಮರದ ಹಿಡಿಯಿಂದಲೇ ಬಾರಿಸಿದಳು. ಭುಜಕ್ಕೆ ಒಂದು. ಬೆನ್ನಿಗೆ ಒಂದು. ಮೂರನೆಯದು ಅವನ ತೊಡೆಯ ಮೇಲೆ ಜೋತು ಬಿದ್ದಿದ್ದ ಬಲಗೈಗೆ.

ಅವನ ಮುಖದಲ್ಲಿನ ರಕ್ತ ಒಮ್ಮೆಲೇ ಇಳಿದು ಹೋಯಿತು.

ಕೆಲಸದವರು ಬಂದು ಅವಳನ್ನು ಹಿಡಿದುಕೊಂಡರು. ದೊಡ್ಡ ಮೇಡಂ ಬಂದರು, ಪೊಲೀಸರು ಬಂದರು. ಏಳಲು ಹೋಗಿ ಅವನು ಹಾಗೇ ಬಿದ್ದ; ಅವನನ್ನು ಆಸ್ಪತ್ರೆಗೆ ಒಯ್ದರು, ಜೊತೆಗೊಬ್ಬ ಪೇದೆ ಹತ್ತಿದ.

"ಮಷಿನ್ ತರಿಸ್ತೀನಿ," ಎಂದರು ದೊಡ್ಡ ಮೇಡಂ. "ಮಧ್ಯಾಹ್ನದೊಳಗೆ ಮೂಲೆ ನೋಡೇಬಿಡೋಣ. ಬರಿದಾಗಿದ್ರೆ ಅವನು ಜೈಲಿಂದ ಈಚೆಗೆ ಬರದ ಹಾಗೆ ನಾನು ನೋಡ್ಕೋತೀನಿ."

ಜೀಪಿನೊಳಗಿಂದ ಅವನ ದನಿ ಬಂತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಜೋರಾಗಿ ಮಾತಾಡಿದ.

"ಮಷಿನ್ ಬೇಡ. ಅವರೇ ತೆಗೀಲಿ. ಕರಣೆಯಲ್ಲಿ."

"ತೆಗೀತೀನಿ," ಎಂದಳು ಕಡ್ಡಿ, ಹಲ್ಲು ಕಚ್ಚಿ. "ನೀನು ಮಾಡಿದ್ದೆಲ್ಲ ತೆಗೀತೀನಿ."

*

ಈಶಾನ್ಯದ ಮೂಲೆಯ ಮರಳಿನ ಮೂಟೆ ಸರಿಸಿ, ಮೇಲಿನ ಮಣ್ಣನ್ನು ಹೆರೆಯಲು ಶುರುಮಾಡಿದಳು. ಸಿಟ್ಟಿನಲ್ಲಿ ಹೆರೆದಳು. ಆದರೆ ಕೈಗೆ ಅದರದೇ ಅಭ್ಯಾಸವಿರುತ್ತದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ನಿಧಾನವಾಯಿತು. ಕಣ್ಣು ತಾನಾಗಿ ಪದರ ಹುಡುಕಿತು.

ಮೊದಲು ಕಂಡದ್ದು ಮಣ್ಣು ಸುರಿದ ಗುಪ್ಪೆಗಳು. ಗುಂಡಿ ಮುಚ್ಚುವವರು ಬುಟ್ಟಿ ತುಂಬ ತಂದು ಸುರಿಯುತ್ತಾರೆ. ಒಂದೊಂದು ಬುಟ್ಟಿಗೂ ಒಂದೊಂದು ಗುಪ್ಪೆ ಉಳಿಯುತ್ತದೆ. ಇಲ್ಲಿನ ಗುಪ್ಪೆಗಳೆಲ್ಲ ಪುಟ್ಟವು. ಅರ್ಧ ಬುಟ್ಟಿಯವು, ಕಾಲು ಬುಟ್ಟಿಯವು. ಎಲ್ಲವೂ ಎಡಕ್ಕೇ ವಾಲಿದ್ದವು.

ಅವಳ ಕೈ ನಿಂತಿತು.

ಎರಡು ಕೈಯಿದ್ದವನು ಅರ್ಧ ಬುಟ್ಟಿ ಯಾಕೆ ಹೊರುತ್ತಾನೆ? ಎತ್ತಿನಂಥ ಆಳು...

ಅಂಚಿನಲ್ಲಿ ಇನ್ನೊಂದು ಗುರುತು. ಬುಟ್ಟಿಯನ್ನು ಎತ್ತದೆ ಎಳೆದುಕೊಂಡು ಬಂದ ಗೀರು. ಅದರ ಪಕ್ಕ ಮಂಡಿ ಊರಿದ ಕುಳಿ, ಮತ್ತೊಂದು, ಮತ್ತೊಂದು. ಇಷ್ಟು ದೊಡ್ಡ ಗುಂಡಿಯನ್ನು ಅವನು ಮಂಡಿಯಲ್ಲಿ ತೆವಳಿಕೊಂಡು, ಒಂದೇ ಕೈಯಲ್ಲಿ ಮುಚ್ಚಿದ್ದಾನೆ. ಅಂದರೆ ಬಲಗೈ ಮುಚ್ಚುವ ಮೊದಲೇ ಮುರಿದಿತ್ತು.

ನಾನು ಹೊಡೆದದ್ದು ಮುರಿದ ಕೈಗೆ.

ಅವಳು ಕರಣೆ ಕೆಳಗಿಟ್ಟು ಎರಡು ಉಸಿರು ತೆಗೆದುಕೊಂಡಳು. ಮತ್ತೆ ಹೆರೆದಳು.

ಮಣ್ಣಿನ ಕೆಳಗೆ ಗೋಣಿಯ ಹಾಸು. ನೆಲಕ್ಕೂ ಹೊಸ ಮಣ್ಣಿಗೂ ನಡುವೆ ಹೀಗೆ ಗೋಣಿ ಹಾಸುವುದು ಒಳ್ಳೆಯ ಕೆಲಸಗಾರನ ಲಕ್ಷಣ. ಮುಂದೆ ತೆಗೆಯುವವರಿಗೆ ಇಲ್ಲಿಂದ ಕೆಳಗಿನದು ಹಳೆಯದು ಎಂದು ಗೊತ್ತಾಗಲಿ ಎಂದು. ಕದ್ದು ಓಡುವವನು ಗೋಣಿ ಹಾಸಿಕೊಂಡು ಕೂರುವುದಿಲ್ಲ.

ಈಶಾನ್ಯದ ಮೂಲೆಯ ಗೋಣಿಯನ್ನು ಅವಳು ಮೆಲ್ಲಗೆ ಎತ್ತಿದಳು.

ರಜೆಗೆ ಹೋಗುವ ಮುಂಚೆ, ನೆಲ ಕೆಡದಿರಲಿ ಎಂದು, ಜರಡಿ ಹಿಡಿದ ಮರಳನ್ನು ಅವಳೂ ಅವನೂ ಸೇರಿ ಹರಡಿದ್ದರು. ಆ ಮರಳಿನಲ್ಲಿ ಎಲ್ಲವೂ ಅಚ್ಚಾಗಿತ್ತು.

ಬೂಟಿನ ಗುರುತುಗಳು, ಎರಡು ಮೂರು ಬಗೆಯವು. ಪಿಕಾಸಿಯ ಏಟು, ಮರಳನ್ನು ಸೀಳಿ ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತದ್ದು. ಅದರಾಚೆ, ಟೊಳ್ಳು ಸದ್ದು ಬರುತ್ತಿದ್ದ ಜಾಗದ ಮೇಲೆ, ಒಬ್ಬ ಮನುಷ್ಯ ಬೋರಲು ಮಲಗಿದ ಅಚ್ಚು. ಎದೆ, ಹೊಟ್ಟೆ, ಚಾಚಿದ ಎರಡು ತೋಳು. ಬೆರಳುಗಳು ಮರಳಿಗೆ ನೆಟ್ಟಿದ್ದವು, ಎಳೆದರೂ ಏಳಬಾರದೆಂದು. ಸುತ್ತ ಪಿಕಾಸಿಯ ಏಟುಗಳು, ಮೈಯ ಅಂಚಿಗೆ ಹತ್ತಿರ ಹತ್ತಿರ ಬಂದಿದ್ದವು. ಬಲಗೈ ಇದ್ದಲ್ಲಿ ಮರಳು ಆಳಕ್ಕೆ ತಗ್ಗಿತ್ತು, ಮೇಲಿಂದ ಕಬ್ಬಿಣ ಬಿದ್ದ ಹಾಗೆ. ತಲೆ ಇದ್ದಲ್ಲಿ ರಕ್ತ ಹೆಪ್ಪುಗಟ್ಟಿ ಮರಳು ಹೆಂಟೆಯಾಗಿತ್ತು. ಅದರಲ್ಲಿ ಒಂದು ಹಲ್ಲಿನ ಚೂರು.

ಅವನು ಕದಿಯಲಿಲ್ಲ. ಅವನು ಅದರ ಮೇಲೆ ಮಲಗಿದ. ಅವರು ಹೊಡೆದರು, ಅವನು ಏಳಲಿಲ್ಲ. ಅವರು ಹೋದಮೇಲೆ, ಮತ್ತೆ ಬಂದಾರು ಎಂದು, ಒಂದು ಕೈ ಮುರಿದಿದ್ದರೂ ನೆಲವನ್ನೆಲ್ಲ ಮುಚ್ಚಿದ.

ಅಚ್ಚಿನ ನಡುವೆ, ಎದೆ ಇದ್ದ ಜಾಗದಲ್ಲಿ, ಲಾರಿಯ ಚಕ್ರ ಬಿಚ್ಚುವ ಕಬ್ಬಿಣದ ವೀಲ್ ಸ್ಪ್ಯಾನರ್ ಒಂದಿತ್ತು. ಬಿದ್ದದ್ದಲ್ಲ, ಇಟ್ಟದ್ದು. ನೇರವಾಗಿ, ಹಿಡಿ ಅವಳ ಕಡೆಗೆ ಬರುವಂತೆ. ಹಿಡಿಗೆ ಸೈಕಲ್ ಟ್ಯೂಬಿನ ಕೆಂಪು ರಬ್ಬರು ಸುತ್ತಿತ್ತು.

ಆ ರಬ್ಬರನ್ನು ಸುತ್ತಿದವಳು ಅವಳೇ. ಅಣ್ಣನ ಅಂಗೈ ಬೊಬ್ಬೆಯೇಳುತ್ತದೆ ಎಂದು.

*

ಮನೆಯ ಮುಂದೆ ಲಾರಿ ನಿಂತಿತ್ತು. ಅಣ್ಣ ಪೈಪು ಹಿಡಿದು ಚಕ್ರ ತೊಳೆಯುತ್ತಿದ್ದ. ಹೊತ್ತು ಇಳಿದಿತ್ತು. ಅವಳು ಸ್ಪ್ಯಾನರನ್ನು ಅವನ ಕಾಲ ಬುಡಕ್ಕೆ ಎಸೆದಳು.

"ಇದು ಗುಂಡಿಯಲ್ಲಿ ಸಿಕ್ತು ಅಣ್ಣ."

ಅವನು ಪೈಪು ಬಿಟ್ಟ. ನೀರು ಅಂಗಳದ ತುಂಬ ಹರಿಯಿತು.

"ಒಳಗೆ ನಡಿ ಪುಟ್ಟಿ."

"ಆ ಮನುಷ್ಯನ ಕೈ ಮುರಿದಿದ್ದು ನೀನಾ?"

"ಒಳಗೆ ನಡಿ ಅಂದೆ."

"ನಾನು ನಿಂಗೆ ಹೇಳಿದ್ದು ಅಣ್ಣ ಅಂತ. ಊಟಕ್ಕೆ ಕೂತು ಹೇಳಿದ್ದು..."

ಕೆನ್ನೆಗೆ ಬಿತ್ತು. ಅವಳು ಲಾರಿಯ ಚಕ್ರಕ್ಕೆ ಹೋಗಿ ಬಡಿದುಕೊಂಡಳು. ಹುಟ್ಟಿದಾಗಿನಿಂದ ಅವನು ಅವಳ ಮೇಲೆ ಕೈ ಮಾಡಿರಲಿಲ್ಲ. ಮಾಡಿದ ಮೇಲೆ ಅವನಿಗೇ ಗಾಬರಿಯಾಯಿತು. ಗಾಬರಿಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮತ್ತೆ ಕೈ ಎತ್ತಿದ.

ಎತ್ತಿದ ಕೈಯನ್ನು ಹಿಂದಿನಿಂದ ಅತ್ತಿಗೆ ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ಅವನು ಕೊಡವಿದ. ಬಿಡಲಿಲ್ಲ. ಗೋಡೆಗೆ ಅಪ್ಪಳಿಸಿದ. ಬಿಡಲಿಲ್ಲ.

"ಅನ್ನ ಹಾಕಿದ ಕೈ, ಅನ್ನ ಹಾಕಿದ ಕೈ ಅಂತ ನಾನೂ ಇಷ್ಟು ವರ್ಷ ಸುಮ್ನಿದ್ದೆ," ಎಂದಳು ಅತ್ತಿಗೆ ಏದುಸಿರಿನಲ್ಲಿ. "ಅವಳ ಮೇಲೂ ಬಿತ್ತಲ್ಲ ಇವತ್ತು. ಇನ್ನು ಸುಮ್ನಿರಲ್ಲ."

ಅಣ್ಣ ನಿಂತುಬಿಟ್ಟ. ಆಮೇಲೆ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ದೊಡ್ಡ ಮೈ ಒಮ್ಮೆಲೇ ಮುದಿಯಾದಂತೆ ಕಂಡಿತು.

"ಏಳು ಅಂದೆ ನಾನು ಅವನಿಗೆ," ಎಂದ. "ಎಷ್ಟು ಸಲ ಹೇಳಿದೆ. ಎದ್ದು ಪಕ್ಕಕ್ಕೆ ನಿಂತಿದ್ರೆ ಮುಗಿದೇ ಹೋಗ್ತಿತ್ತು. ನಿನ್ನ ಅಪ್ಪನ ಮನೆ ಆಸ್ತೀನಾ ಇದು ಅಂದೆ. ಹೊಡೆದೆ. ಕೈ ಮುರಿದ ಸದ್ದು ಕೇಳಿಸ್ತು ಪುಟ್ಟಿ... ಆಗಲೂ ಏಳಲಿಲ್ಲ. ಜೊತೆಗಿದ್ದ ಹುಡುಗರು ಹೆದರಿ, ಸತ್ತ ಅಂತ ಓಡಿದ್ರು." ಅವನು ತನ್ನ ಅಂಗೈ ನೋಡಿಕೊಂಡ. "ಯಾಕೆ ಏಳಲಿಲ್ಲ ಅವನು?"

ಯಾಕೆ ಎಂದು ಅವಳಿಗೆ ಗೊತ್ತಿತ್ತು... ಆದರೆ ಅದನ್ನು ಅಣ್ಣನ ಮುಂದೆ ಹೇಳುವ ಹಾಗಿರಲಿಲ್ಲ.

ಅವಳು ಬಗ್ಗಿ ಸ್ಪ್ಯಾನರನ್ನು ಎತ್ತಿಕೊಂಡಳು. ಒದ್ದೆ ರಬ್ಬರಿಗೆ ಕೈ ಅಂಟಿತು. ಇದನ್ನು ಬಾವಿಗೆ ಹಾಕಿದರೆ ಅಣ್ಣ ಉಳಿಯುತ್ತಾನೆ. ಪೊಲೀಸರ ಮೇಜಿನ ಮೇಲಿಟ್ಟರೆ ಆಸ್ಪತ್ರೆಯಲ್ಲಿರುವವನು ಉಳಿಯುತ್ತಾನೆ. ನಡುವೆ ದಾರಿಯಿಲ್ಲ. ಸಾಕಿದವನನ್ನು ತನ್ನ ಕೈಯಾರೆ ಹಿಡಿದು ಕೊಡಬೇಕು.

"ಸ್ಟೇಷನ್ನಿಗೆ ಹೋಗ್ತಿದ್ದೀನಿ," ಎಂದಳು. "ನೀನೇ ಬಂದು ಹೇಳಿದ್ರೆ ನಿನ್ನ ಜೊತೆ ಬರ್ತೀನಿ. ಇಲ್ಲದಿದ್ರೆ ಒಬ್ಳೇ ಹೋಗ್ತೀನಿ."

"ಹೋದ್ರೆ ನಿನ್ನ ಪಾಲಿಗೆ ಅಣ್ಣ ಇಲ್ಲ ಅಂದ್ಕೋ."

ಅವಳು ಅಳುತ್ತಲೇ ನಡೆದಳು. ಬೀದಿಯ ತಿರುವಿನಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಅಣ್ಣನಿರಬಹುದು ಎಂದು ತಿರುಗಿದಳು.

ಅತ್ತಿಗೆ. ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು.

"ನಡಿ," ಎಂದಳು. "ನಾನೂ ಹೇಳೋದಿದೆ ಅವರ ಹತ್ರ."

ಪೊಲೀಸರು ಹೋದಾಗ ಅಣ್ಣ ಲಾರಿಯ ಮೆಟ್ಟಿಲ ಮೇಲೆ ಇನ್ನೂ ಹಾಗೇ ಕೂತಿದ್ದನಂತೆ. ನೀರಿನ ಪೈಪನ್ನೂ ನಿಲ್ಲಿಸಿರಲಿಲ್ಲವಂತೆ.

*

ಮರುದಿನ ಎಲ್ಲರೆದುರು ಈಶಾನ್ಯದ ಮೂಲೆಯನ್ನು ತೆಗೆದರು. ಅದು ಮುಗಿದದ್ದೇ ಕಡ್ಡಿ ಆಸ್ಪತ್ರೆಗೆ ಹೊರಟಳು. ಕೈ ಕೂಡ ತೊಳೆಯಲಿಲ್ಲ.

ವಾರ್ಡಿನ ಬಾಗಿಲಲ್ಲಿದ್ದ ಪೇದೆ ಆಗಲೇ ಹೋಗಿದ್ದ. ಅವನು ಕಿಟಕಿಯ ಪಕ್ಕದ ಮಂಚದ ಮೇಲಿದ್ದ. ಬಲಗೈ ಬೆರಳಿನ ತುದಿಯವರೆಗೆ ಬಿಳಿ ಪ್ಲಾಸ್ಟರು. ಅವಳನ್ನು ಕಂಡು ಏಳಲು ಹೋದ.

"ಏಳ್ಬೇಡಿ," ಎಂದಳು. "ಏಳು ಅಂದ್ರೆ ಏಳಲ್ಲ, ಬೇಡ ಅಂದ್ರೆ ಏಳ್ತೀರಾ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

"ಮುರಿದ ಕೈಗೆ ಹೊಡೆದೆ ನಾನು."

"ಮೊದಲು ಕುಯ್ದಿದ್ದೂ ಅದೇ ಕೈ," ಎಂದ ಅವನು. "ಎಡಗೈ ಒಂದು ಉಳಿಸಿ. ಊಟ ಮಾಡ್ಬೇಕು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನ ಹಾಸಿಗೆಯ ಅಂಚಿಗೆ ಹಣೆ ಒತ್ತಿ ಬಹಳ ಹೊತ್ತು ಅತ್ತಳು. ಅವನು ಎಡಗೈಯನ್ನು ಅವಳ ತಲೆಯ ಮೇಲಿಟ್ಟ. ನೋಯಿಸಿಬಿಟ್ಟೇನೋ ಎಂಬಂತೆ, ಭಾರವನ್ನೆಲ್ಲ ತನ್ನಲ್ಲೇ ಹಿಡಿದುಕೊಂಡು ಇಟ್ಟ.

"ನಮ್ಮಣ್ಣ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ನಿಮ್ಮನ್ನ ಸಾಕಿದವರು ಅವರು. ನಾನು ನಿನ್ನೆ ಮೊನ್ನೆ ಬಂದವನು. ಬಾಯಿ ಮಾತು ನಿಮಗೆ ಅನುಮಾನ. ಮಣ್ಣನ್ನ ನಂಬ್ತೀರಿ ಅಂತ ಗೊತ್ತಿತ್ತು." ಅವನು ಉಸಿರು ತೆಗೆದುಕೊಂಡ; ಪಕ್ಕೆಲುಬು ನೋಯುತ್ತಿತ್ತು. "ಅದಕ್ಕೇ ಅಚ್ಚು ಅಳಿಸದ ಹಾಗೆ ಗೋಣಿ ಹಾಸಿ ಮುಚ್ಚಿದೆ. ಮಷಿನ್ ಬಂದಿದ್ರೆ ಎಲ್ಲ ಹೋಗ್ತಿತ್ತು."

"ಸ್ಪ್ಯಾನರು ಬಿಸಾಕಿಬಿಟ್ಟಿದ್ರೆ? ನನಗೆ ನೋವಾಗಬಾರದು ಅಂತ?"

"ಯೋಚನೆ ಬಂತು. ಆಮೇಲೆ, ನಿಮ್ಮ ನೆಲದಲ್ಲಿ ನಾನು ಸುಳ್ಳು ಹೂತಿಡೋದು ಹೇಗೆ ಅನ್ನಿಸ್ತು."

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು.

"ಅಣ್ಣನ್ನ ಕರ್ಕೊಂಡು ಹೋದ್ರು," ಎಂದಳು.

"ಗೊತ್ತು. ಪೇದೆ ಹೇಳ್ದ." ಆಮೇಲೆ ಕೇಳಿದ, "ಊಟ ಮಾಡಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಂಚದ ಪಕ್ಕದಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಅವನು ಅವಳ ಕಡೆಗೆ ಸರಿಸಿದ. ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಎರಡು ದಿನದಲ್ಲಿ ಅವಳ ಹೊಟ್ಟೆಗೆ ಬಿದ್ದದ್ದು ಅದೇ ಮೊದಲು.

"ಮೂಲೆಯಲ್ಲಿ ಏನಿತ್ತು ಅಂತ ಕೇಳಲ್ವಾ?"

"ಏನಿತ್ತು?"

"ಹೆಗ್ಗಣದ ಬಿಲ."

ಅವನು ಅವಳನ್ನು ನೋಡಿದ.

"ನಿಜವಾಗ್ಲೂ ರೀ. ಆ ಕಾಲದ ಹೆಗ್ಗಣ. ಹರವಿಯಿಂದ ಕದ್ದು ಕೂಡಿಟ್ಟ ಕಾಳು, ಬೆಂಕಿಯ ಕಾವಿಗೆ ಕರಕಲಾಗಿ ಹಾಗೇ ಕೂತಿದೆ. ದೊಡ್ಡ ಮೇಡಂ ಕುಣೀತಿದ್ದಾರೆ. ಚಿನ್ನಕ್ಕಿಂತ ಹೆಚ್ಚಂತೆ ಅವರಿಗೆ ಆ ಕಾಳು."

ಅವನು ನಗಲು ಹೋಗಿ, ಪಕ್ಕೆ ಹಿಡಿದುಕೊಂಡು, ಮುಖ ಕಿವುಚಿದ. ಆದರೂ ನಕ್ಕ. ಮುರಿದ ಹಲ್ಲಿನ ಸಂದು ಕಾಣುವಂತೆ ನಕ್ಕ.

"ಅಂದ್ರೆ ಹೆಗ್ಗಣದ ಮನೆ ಕಾಯೋಕೆ ಒದೆ ತಿಂದೆ ಅನ್ನಿ."

"ಗೊತ್ತಿದ್ದಿದ್ರೆ ಮಲಗ್ತಿರ್ಲಿಲ್ಲ ಅಲ್ವಾ?"

"ಮಲಗ್ತಿದ್ದೆ."

"ಯಾಕೆ?"

ಅವನು ಕಿಟಕಿಯ ಕಡೆ ನೋಡಿದ.

"ಇನ್ಮೇಲೆ ಮಣ್ಣಲ್ಲಿ ಬರೆದು ಇಡ್ಬೇಡಿ," ಎಂದಳು ಮೆಲ್ಲಗೆ. "ಬಾಯಲ್ಲೇ ಹೇಳಿ. ನಂಬ್ತೀನಿ."

"ನೀವು ಆ ನೆಲದ ಮೇಲೆ ಬಗ್ಗಿ ಕೂರ್ತೀರಲ್ಲ," ಎಂದ. ಒಂದೊಂದೇ ಮಾತನ್ನು ಎತ್ತಿ ಇಡುವ ಹಾಗೆ ಹೇಳಿದ. "ದಿನಾ ನೋಡ್ತಿದ್ದೆ. ಅದರಲ್ಲಿ ಏನಿದೆ ಅಂತ ನನಗೇನು. ಅದು ಒಡೆದ್ರೆ ನಿಮ್ಮ ಮುಖ ಹೇಗಾಗುತ್ತೆ ಅಂತ ಗೊತ್ತಿತ್ತು. ಅದನ್ನ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ. ಅಷ್ಟೇ." ಆಮೇಲೆ ಅವಳ ಕಣ್ಣನ್ನೇ ನೋಡಿ ಹೇಳಿದ, "ನೀವಂದ್ರೆ ನಂಗೆ ಪ್ರಾಣ."

ಅವಳು ಪ್ಲಾಸ್ಟರಿನಿಂದ ಈಚೆ ಇಣುಕುತ್ತಿದ್ದ ಅವನ ಬೆರಳ ತುದಿಗಳನ್ನು ತನ್ನ ಮಣ್ಣಿನ ಕೈಯಲ್ಲಿ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳಿ."

"ಯಾಕೆ, ನಂಬಿಕೆ ಬರ್ಲಿಲ್ವಾ?"

"ಬಂತು. ಕೇಳೋಕೆ ಚೆನ್ನಾಗಿತ್ತು."